ಹೆಸರು ಹಾಕಿ ಹಾಡುವ ನಿಂಗಮ್ಮ

ಹೆಬ್ಬಾಲೆ ಕಡೆಯ ನಿಂಗಮ್ಮ ಸಿಟ್ಟು ಬಂದರೆ ಕೂಗಾಡುವವಳಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಲ್ಲುತ್ತಾಳೆ, ಅಷ್ಟೇ. ಅಷ್ಟಾದರೆ ಸಾಕು, ಊರಿನ ಗಂಡಸರು ಬೀಡಿ ಆರಿಸುತ್ತಾರೆ. ಹೋದ ಕಾರ್ತಿಕದಲ್ಲಿ ಅವಳು ಹಾಗೆ ಎದ್ದು ನಿಂತದ್ದು ಸುಂಟಿಕೊಪ್ಪದಾಚೆ ಎರಡು ತಿರುವು ಹತ್ತಿದರೆ ಸಿಗುವ ಕಾಲೇಜಿನ ಸಭಾಂಗಣದಲ್ಲಿ, ನೂರೈವತ್ತು ಜನರ ಎದುರಿಗೆ, ಹೆಗಲ ಮೇಲೆ ಕಾಲೇಜಿನವರೇ ಹೊದಿಸಿದ ಶಾಲು ಇರುವಾಗಲೇ. ಯಾಕೆ ಅಂತ ಹೇಳುವ ಮುಂಚೆ ಅವಳು ಯಾರು ಅನ್ನುವುದನ್ನು ಹೇಳಬೇಕು. ಆ ಸಭೆಯಲ್ಲಿ ಅದೊಂದನ್ನು ಯಾರೂ ಹೇಳಲಿಲ್ಲ.

ಅರಕಲಗೂಡು ಸೀಮೆಯ ಹುಡುಗಿ. ಹದಿನೇಳಕ್ಕೆ ಮದುವೆಯಾಗಿ ಹಾರಂಗಿ ನಾಲೆಯ ಬಯಲಿಗೆ ಬಂದಳು. ಗಂಡನ ಮನೆಯವರೂ ಹಾಸನದ ಕಡೆಯಿಂದ ಬಂದು ಇಲ್ಲಿ ಗದ್ದೆ ಮಾಡಿಕೊಂಡವರೇ. ಮಗ ಚಂದ್ರುವಿಗೆ ಏಳು ತುಂಬುವ ಮೊದಲೇ ಗಂಡ ನಾಲ್ಕು ದಿನದ ಜ್ವರದಲ್ಲಿ ಹೋಗಿಬಿಟ್ಟ. ಫೋಟೋ ಅಂತ ಒಂದು ತೆಗೆಸಿರಲಿಲ್ಲ. ನಿಂಗಮ್ಮ ಅತ್ತು ಕೂರಲಿಲ್ಲ, ಕೂತರೆ ಉಣ್ಣುವುದೇನು? ಹದಿನೆಂಟು ಹೆಂಗಸರ ನಾಟಿ ಗುಂಪು ಕಟ್ಟಿದಳು. ಶಿರಂಗಾಲದಿಂದ ಕೂಡಿಗೆವರೆಗೆ ಯಾರ ಗದ್ದೆಯಲ್ಲಿ ನಾಟಿ ಇದ್ದರೂ ಮೊದಲು ನಿಂಗಮ್ಮನಿಗೆ ಹೇಳಿಕಳಿಸಬೇಕು. ಶುಂಠಿ ಬೆಳೆಯಲು ಬರುವ ಕೇರಳದವರ ಹತ್ತಿರ ಮಲಯಾಳದಲ್ಲಿ ಜಗಳ ಆಡುತ್ತಾಳೆ, ಕಾಫಿ ತೋಟದ ಲೈನುಮನೆಗಳ ಹೆಂಗಸರ ಹತ್ತಿರ ತಮಿಳಿನಲ್ಲಿ ಹರಟುತ್ತಾಳೆ, ಸುಳ್ಯದ ಕಡೆಯವರು ಸಿಕ್ಕರೆ ಅರೆಭಾಷೆಯಲ್ಲೇ ಕ್ಷೇಮ ವಿಚಾರಿಸುತ್ತಾಳೆ. ಓದಿದ್ದು ಮಾತ್ರ ಮೂರನೇ ಕ್ಲಾಸು.

ಆದರೆ ಅವಳನ್ನು ಊರೂರು ಕರೆಯುತ್ತಿದ್ದದ್ದು ಸೋಬಾನೆಗೆ. ಆ ಬಯಲಿನಲ್ಲಿ ಸೋಬಾನೆಯನ್ನು ಹೆಸರು ಹಾಕಿ ಹಾಡಬೇಕು. ಮದುವೆಗೆ ಮೂರು ದಿನ ಇರುವಾಗ ಮನೆಯವರು ಎಲೆ ಅಡಿಕೆ ತಂದಿಟ್ಟು ಹೆಸರು ಒಪ್ಪಿಸುತ್ತಾರೆ: ಹೆಣ್ಣಿನ ಅಪ್ಪ, ಅವ್ವ, ಅಜ್ಜ, ಸೋದರಮಾವ, ಮನೆಗೆ ಬಂದ ಸೊಸೆಯರು, ಕೊಟ್ಟ ಹೆಣ್ಣುಮಕ್ಕಳು. ಹಾಡುವವಳು ಅಷ್ಟನ್ನೂ ಬಾಯಲ್ಲಿ ಇಟ್ಟುಕೊಂಡು, ಯಾರದ್ದು ಮೊದಲು ಯಾರದ್ದು ಆಮೇಲೆ ಎಂದು ನೋಡಿ, ಹಾಡಿನೊಳಗೆ ಕೂರಿಸಬೇಕು. ಒಂದು ಹೆಸರು ಬಿಟ್ಟಳೋ, ಆ ಮನುಷ್ಯ ಊಟದ ಎಲೆ ಬಿಟ್ಟು ಏಳುತ್ತಾನೆ. ಒಮ್ಮೆ ಬಾಯಿ ತಪ್ಪಿ ಹೆಣ್ಣಿನ ಚಿಕ್ಕತ್ತೆ ವನಜಮ್ಮನ ಹೆಸರು ಬಿಟ್ಟುಹೋಗಿ, ಆ ವನಜಮ್ಮ ನಾಲ್ಕು ವರ್ಷ ಮಾತು ಬಿಟ್ಟಿದ್ದಳು. ನಿಂಗಮ್ಮ ಅದನ್ನು ತಪ್ಪು ಅಂದವಳಲ್ಲ. ಬಂದ ನೆಂಟರನ್ನು ಬಾಗಿಲಲ್ಲೇ ನಿಲ್ಲಿಸಿದಂತಾಯಿತು, ಸಿಟ್ಟು ಬರದೆ ಇರುತ್ತದೆಯೇ ಅನ್ನುತ್ತಿದ್ದಳು.

ಇಷ್ಟೆಲ್ಲ ಹೆಸರು ಹೇಳುವ ಬಾಯಿ ಗಂಡನ ಹೆಸರನ್ನು ಮಾತ್ರ ಯಾವತ್ತೂ ಹೇಳಿದ್ದಲ್ಲ. ಅವನು ಬದುಕಿದ್ದಾಗ ‘ಇವರು’, ಸತ್ತಮೇಲೆ ‘ಚಂದ್ರು ಅಪ್ಪ’. ಅವಳ ಕಾಲದ ಹೆಂಗಸರೆಲ್ಲ ಹಾಗೆಯೇ. ಹಾಡಿನೊಳಗೆ ಬಂದರೆ ಮಾತ್ರ ದೋಷವಿಲ್ಲ, ಹಾಡು ಎಲ್ಲರದ್ದು.

ಗಂಡ ಸತ್ತಮೇಲೆ ಏನಾಯಿತು ಗೊತ್ತೇ? ಸೋಬಾನೆ ಮುತ್ತೈದೆಯರದ್ದು, ನೀನು ಹಾಡಬಾರದು ಅಂದರು. ಸರಿ, ಹಾಡಬೇಡ ಅಂದವರಿಗಾದರೂ ಹೆಸರುಗಳು ನೆನಪಿರಬೇಕಲ್ಲ! ನೆಟ್ಟಗೆ ಐದು ಹೆಸರು ಬರುತ್ತಿರಲಿಲ್ಲ. ಹಾಗಾಗಿ ನಿಂಗಮ್ಮನನ್ನು ಚಪ್ಪರದ ಹಿಂದೆ, ಪಾತ್ರೆ ತೊಳೆಯುವ ಕಡೆ ಕೂರಿಸಿ, ಅವಳು ಪಿಸುಗುಟ್ಟಿದ್ದನ್ನು ಮುಂದೆ ಕೂತ ಹೆಂಗಸರು ಹಾಡುತ್ತಿದ್ದರು. ಹದಿನಾರು ವರ್ಷ ಹೀಗೆ ನಡೆಯಿತು. ಬಾಯಿ ಅವಳದ್ದು, ಮರ್ಯಾದೆ ಇನ್ನೊಬ್ಬರದ್ದು. ನಾಚಿಕೆ ಆಗಬೇಕಾದವರಿಗೆ ಆಗಲಿಲ್ಲ.

ಚಂದ್ರುವಿನ ಮದುವೆ ಬಂತು. ಧಾರೆಯ ಹಿಂದಿನ ದಿನ ಗಂಡನ ಅಣ್ಣ ಬಂದು, ಸತ್ತವನ ಹೆಸರು ಶುಭಕಾರ್ಯದಲ್ಲಿ ಬೇಡ, ಅಪ್ಪನ ಜಾಗಕ್ಕೆ ನನ್ನ ಹೆಸರು ಹಾಕಿಸು ಅಂದ. ಕೇಳಿದಿರಾ? ಸಾಕಿದ್ದು ಇವಳು, ಹೆತ್ತದ್ದು ಇವಳು, ಅಪ್ಪನ ಜಾಗಕ್ಕೆ ಬಂದು ಕೂರುವವನು ಅವನು. ಮಾರನೆಯ ದಿನ ಮುಂದೆ ಕೂತವರು ಹಾಡು ಎತ್ತಿ ಗಂಡಿನ ಅಪ್ಪನ ಜಾಗಕ್ಕೆ ಬರುವ ಹೊತ್ತಿಗೆ, ನಿಂಗಮ್ಮ ಚಪ್ಪರದ ಹಿಂದಿನಿಂದ ಎದ್ದು, ಸೆರಗು ಸಿಕ್ಕಿಸಿ, ಧಾರೆ ಮಂಟಪದ ಎದುರಿಗೇ ಬಂದು ನಿಂತು ತಾನೇ ಹಾಡಿದಳು. ಗಂಡನ ಹೆಸರು ಹಾಕಿ ಹಾಡಿದಳು. ಜನ್ಮದಲ್ಲಿ ಮೊದಲ ಸಲ ಆ ಹೆಸರು ಅವಳ ಬಾಯಲ್ಲಿ ಬಂದದ್ದು ಅಂದು. ಆಮೇಲೆ ನಾಟಿ ಗುಂಪಿನ ಹೆಂಗಸರು ಒಬ್ಬೊಬ್ಬರಾಗಿ ದನಿಗೂಡಿಸಿ ಸೊಲ್ಲು ಹಿಡಿದರು. ಅವತ್ತಿನಿಂದ ನಿಂಗಮ್ಮ ಯಾವ ಮದುವೆಯಲ್ಲೂ ಹಿಂದೆ ಕೂತಿಲ್ಲ.

ಈಗ ಕಾಲೇಜಿನ ವಿಷಯಕ್ಕೆ ಬರೋಣ. ಚಂದ್ರುವಿನ ಮಗಳು ಧನುಶ್ರೀ ಅಲ್ಲಿ ಕನ್ನಡ ಎಂ.ಎ. ಓದುತ್ತಾಳೆ. ಮೊದಲ ವರ್ಷವೇ ‘ಗಣಕ ಭಾಷಾವಿಜ್ಞಾನ: ಪರಿಚಯ’ ಅನ್ನುವ ಒಂದು ಪೇಪರು ತೆಗೆದುಕೊಂಡಳು. ನಿಂಗಮ್ಮ ಏನೇ ಅದು ಅಂದದ್ದಕ್ಕೆ, ಕಂಪ್ಯೂಟರಿಗೆ ನಮ್ಮ ಮಾತು ಕಲಿಸೋದು ಅಜ್ಜಿ ಅಂದಳು. ಎಳೆ ಮಕ್ಕಳಿಗೆ ಕಲಿಸಿದ ಹಾಗೆಯೇ ಅಂದದ್ದಕ್ಕೆ, ಅಲ್ಲ, ಅದಕ್ಕೆ ಒಂದು ಪದ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಅನ್ನುವುದೂ ಗೊತ್ತಿಲ್ಲ, ನಾವೇ ಕತ್ತರಿಸಿ, ಎಣಿಸಿ, ಒಂದೊಂದಕ್ಕೂ ಚೀಟಿ ಹಚ್ಚಿ ಕೊಡಬೇಕು ಅಂದಳು. ಪಾಠ ಮಾಡುವವನು ಮಡಿಕೇರಿಯ ಅರ್ಚಕರ ಮನೆಯ ಹುಡುಗ ಅನೀಶ್, ಮೂವತ್ತು ದಾಟಿರಲಿಲ್ಲ. ಒಳ್ಳೆಯ ಹುಡುಗನೇ. ಒಬ್ಬೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಹಿರಿಯರೊಬ್ಬರ ಮಾತನ್ನು ಆರು ಗಂಟೆ ರೆಕಾರ್ಡ್ ಮಾಡಿ, ಅಕ್ಷರಕ್ಕಿಳಿಸಿ, ಪದಪದಕ್ಕೂ ಇದು ನಾಮಪದ ಇದು ಕ್ರಿಯಾಪದ ಎಂದು ಗುರುತು ಹಾಕಿ ತರಬೇಕು ಅಂದಿದ್ದ. ಪೇಪರಿನ ಅರ್ಧದಷ್ಟು ಮಾರ್ಕು ಆ ಕೆಲಸಕ್ಕೇ.

ನಿಂಗಮ್ಮನಿಗೆ ಆ ಕೆಲಸ ಹಿಡಿಸಿಬಿಟ್ಟಿತು. ಸಂಜೆ ಹಟ್ಟಿ ಕೆಲಸ ಮುಗಿಸಿ ಬಂದು ಮೊಮ್ಮಗಳ ಪಕ್ಕ ಕೂತು, ಶುಂಠಿ ಆರಿಸಿದ ಹಾಗೆ, ಇದು ಆ ಕಡೆ ಅದು ಈ ಕಡೆ ಅನ್ನುತ್ತಿದ್ದಳು. ಧನುಶ್ರೀ ಗುರುತು ಹಾಕಿದ್ದಕ್ಕೂ ಅವಳ ಗೆಳತಿ ವಿಭಾ ಹಾಕಿದ್ದಕ್ಕೂ ತಾಳೆ ನೋಡಬೇಕಂತೆ, ಇಬ್ಬರೂ ಎಷ್ಟು ಕಡೆ ಒಪ್ಪಿದ್ದಾರೆ ಅಂತ ಲೆಕ್ಕ ಹಾಕಬೇಕಂತೆ. ಒಪ್ಪದ ಕಡೆ ನಿಂಗಮ್ಮನೇ ಪಂಚಾಯ್ತಿ ಮಾಡುತ್ತಿದ್ದಳು. ಆರು ಗಂಟೆಯಲ್ಲಿ ಅಜ್ಜಿ ‘ಕಣೇ’ ಅಂದದ್ದು ನಾನೂರ ಹನ್ನೆರಡು ಸಲ ಅಂತ ಕಂಪ್ಯೂಟರು ಹೇಳಿದಾಗ, ಎದುರಿಗೆ ನೀನು ಕೂತಿದ್ದೀಯ, ಇನ್ನೇನು ‘ಸಾರ್’ ಅನ್ನಲೇ ಅಂತ ನಕ್ಕಳು. ಅವಳ ಮಲಯಾಳ, ತಮಿಳಿನ ಮಾತಿಗೆಲ್ಲ ‘ಇತರೆ’ ಅಂತ ಒಂದೇ ಚೀಟಿ ಅಂಟಿಸಿದ್ದು ಮಾತ್ರ ಅವಳಿಗೆ ಅಷ್ಟು ಸರಿಬರಲಿಲ್ಲ. ಇತರೆ ಅಂದರೆ ಯಾರದ್ದೇ ಅದು, ನನ್ನ ಬಾಯಿಂದಲೇ ಬಂದದ್ದಲ್ಲವಾ ಅಂದಳು.

ಕೊನೆಯ ಗಂಟೆಯಲ್ಲಿ ಅವಳು ಚಂದ್ರುವಿನ ಮದುವೆಯ ಸೋಬಾನೆಯನ್ನು ಹಾಡಿದಳು. ಕೇಳದೆಯೇ ಹಾಡಿದಳು. ಇದು ಅಳಿಯೋದಿಲ್ಲ ಅಂದೆಯಲ್ಲ, ನಾನು ಹೋದಮೇಲೂ ಇರುತ್ತೆ ಅಂದೆಯಲ್ಲ, ಹಂಗಾದ್ರೆ ಹಿಡ್ಕೊ ಅಂದು, ಇಪ್ಪತ್ತೆರಡು ಹೆಸರನ್ನೂ ಒಂದೂ ಬಿಡದೆ ಹಾಡಿದಳು. ಗಂಡನ ಹೆಸರು ಬಂದಾಗ ಎರಡು ಸಲ ಹಾಡಿದಳು. ಆ ಮನುಷ್ಯನದ್ದು ಅಂತ ಈ ಭೂಮಿ ಮೇಲೆ ಉಳಿದಿರುವುದು ಇದೊಂದೇ, ಇನ್ನು ನನಗೆ ಚಿಂತೆ ಇಲ್ಲ ಅಂತ ಅವತ್ತು ರಾತ್ರಿಯ ಊಟದಲ್ಲಿ ಚಂದ್ರುವಿಗೂ ಹೇಳಿದಳು.

ಎರಡು ತಿಂಗಳಾದ ಮೇಲೆ ಕಾಲೇಜಿನಿಂದ ಕರೆ ಬಂತು. ಪೇಪರಿನ ಕೊನೆಗೆ ಒಂದು ದಿನದ ಸಭೆ, ಧನುಶ್ರೀಯ ಕೆಲಸವೇ ಎಲ್ಲರಿಗಿಂತ ಚೆನ್ನಾಗಿದೆ, ಅಜ್ಜಿಗೆ ಸನ್ಮಾನ. ಚಂದ್ರು ತನ್ನ ಜೀಪಿನಲ್ಲಿ ಬಿಟ್ಟುಹೋದ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಮುಂದಿನ ಸಾಲಿನಲ್ಲಿ ಕೂರಿಸಿದರು. ವಿಭಾಗದ ಮುಖ್ಯಸ್ಥರು ಹರಿಹರ ಅನ್ನುವವರು; ಮಾತು ಬೆಣ್ಣೆ, ಬಗ್ಗುವುದು ಮಾತ್ರ ಇಲ್ಲ. ನಮ್ಮ ನೆಲದ ಬಾಯಿಮಾತಿನ ಸಂಪತ್ತನ್ನು ಉಳಿಸುತ್ತಿದ್ದೇವೆ ಅಂತ ಅರ್ಧ ಗಂಟೆ ಮಾತಾಡಿದರು. ಮಾತಾಡಿ, ಗೋಡೆಯ ಪರದೆ ಕಡೆ ಕೈ ತೋರಿಸಿ, ಈಗ ಮಾಹಿತಿದಾರರು ಸಂಖ್ಯೆ ಏಳು ಅವರ ಹಾಡು ಕೇಳೋಣ ಅಂದರು. ಸಂಖ್ಯೆ ಏಳು ಯಾರು ಅಂತ ನಿಂಗಮ್ಮ ಕತ್ತು ತಿರುಗಿಸಿ ನೋಡಿದಳು.

ಅವಳದ್ದೇ ದನಿ. ಸೊಗಸಾಗಿ ಎದ್ದಿತು. ಮೊದಲ ಹೆಸರು ಬರುವ ಜಾಗಕ್ಕೆ ಬಂತು, ಅಲ್ಲಿ ‘ಕೀಂ’ ಅಂದಿತು. ಎರಡನೆಯ ಹೆಸರಿಗೂ ಕೀಂ. ಪರದೆಯ ಮೇಲೆ ಹಾಡಿನ ಸಾಲು, ಹೆಸರಿದ್ದ ಕಡೆ ‘ವ್ಯಕ್ತಿ ೧’, ‘ವ್ಯಕ್ತಿ ೨’. ನಿಂಗಮ್ಮ ಯಂತ್ರ ಕೆಟ್ಟಿದೆ ಅಂದುಕೊಂಡು ಸುಮ್ಮನಿದ್ದಳು. ಗಂಡಿನ ಅಪ್ಪನ ಜಾಗ ಬಂತು. ಕೀಂ. ಅವಳು ಎರಡನೆಯ ಸಲ ಹಾಡಿದ್ದಳಲ್ಲ, ಅಲ್ಲೂ ಕೀಂ. ಪರದೆ ಮೇಲೆ ‘ವ್ಯಕ್ತಿ ೯’. ಅವಳ ಮೈಯೆಲ್ಲ ಉರಿದುಹೋಯಿತು. ಧಾರೆ ಮಂಟಪದ ಎದುರು ನಿಂತು, ಊರನ್ನೆಲ್ಲ ಎದುರು ಹಾಕಿಕೊಂಡು ಒಳಗೆ ಕರೆದುಕೊಂಡ ಹೆಸರನ್ನು ಇವರು ಒಂದು ಕೀಂ ಹಾಕಿ ಆಚೆಗೆ ತಳ್ಳಿದ್ದರು. ಸೆರಗು ಸೊಂಟಕ್ಕೆ ಹೋಯಿತು.

“ನಿಲ್ಸಿ ಅದನ್ನ,” ಅಂದಳು.

ನಿಲ್ಲಿಸಿದರು. ಹರಿಹರ ಅವರು ಕೆಳಗಿಳಿದು ಬಂದು ನಯವಾಗಿಯೇ ವಿವರಿಸಿದರು. ಯಾರ ಖಾಸಗಿ ವಿಷಯವೂ ಹೊರಗೆ ಹೋಗಬಾರದು, ಅದು ನಿಮ್ಮ ರಕ್ಷಣೆಗೇ, ಹನ್ನೊಂದು ಜನರ ಮಾತಿಗೂ ಒಂದೇ ಕ್ರಮ ಅಂದರು. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತೇನೋ. ದೊಡ್ಡವರಿಗೆ ಇನ್ನೊಂದು ಮಾತು ಸೇರಿಸದೆ ಸಮಾಧಾನ ಇಲ್ಲ.

“ಹೆಸರುಗಳಿಂದ ಯಂತ್ರಕ್ಕೆ ಏನೂ ಪ್ರಯೋಜನವಿಲ್ಲಮ್ಮ. ಒಂದೊಂದೂ ಒಂದೇ ಸಲ ಬರುವಂಥವು. ಅದಕ್ಕೆ ಬೇಕಾದ್ದು ನಿಮ್ಮ ಭಾಷೆ.”

“ಆ ಹಾಡಲ್ಲಿ ಹೆಸರು ತಗುದ್ರೆ ಇನ್ನೇನುಳೀತು ಸಾರ್?” ಅಂದಳು ನಿಂಗಮ್ಮ. “ಮುತ್ತು, ಹವಳ, ಬಾಳೆಕಂಬ. ಅವು ಎಲ್ರ ಹಾಡಲ್ಲೂ ಇರ್ತವೆ. ನಾನು ಕೊಟ್ಟಿದ್ದು ಹೆಸರುಗಳನ್ನ. ನೀವು ಇಟ್ಕೊಂಡಿರೋದು ಚಪ್ಪರ.”

ಸಭೆಯಲ್ಲಿ ಒಬ್ಬರಿಬ್ಬರು ಚಪ್ಪಾಳೆ ತಟ್ಟಿದರು. ಹರಿಹರ ಅವರಿಗೆ ಅದು ಹಿಡಿಸಲಿಲ್ಲ. ಒಳಗೆ ಕೂತು ಮಾತಾಡೋಣ ಎಂದು ಆಫೀಸಿಗೆ ಕರೆದುಕೊಂಡು ಹೋದರು. ಹಿಂದೆ ಅನೀಶ್, ಅವನ ಹಿಂದೆ ಧನುಶ್ರೀ. ಹೆಸರಿರುವ ಹಾಡನ್ನೇ ಹಾಕಿ ಅಂದರೆ, ಅದು ಈಗ ಇಲ್ಲ, ಹೆಸರು ತೆಗೆದಮೇಲೆ ಮೂಲವನ್ನು ಅಳಿಸಬೇಕು ಅನ್ನುವುದು ನಿಯಮ, ಅಳಿಸಿದ್ದಾಗಿದೆ ಅಂದರು. ಹಾಗಾದರೆ ಮತ್ತೆ ಹಾಡುತ್ತೇನೆ ಅಂದರೆ, ಈ ಸಲದ ಸಂಗ್ರಹ ಮುಗಿದಿದೆ, ನಾಳೆಯೇ ವಿಶ್ವವಿದ್ಯಾಲಯಕ್ಕೆ ಕಳಿಸಬೇಕು ಅಂದರು. ಹಾಗಾದರೆ ನನ್ನ ಆರು ಗಂಟೆಯನ್ನೂ ತೆಗೆದುಬಿಡಿ ಅಂದಳು ನಿಂಗಮ್ಮ. ಹರಿಹರ ಅವರು ಧನುಶ್ರೀ ಕಡೆ ನೋಡಿದರು. ತೆಗೆಯಬಹುದು, ಆದರೆ ಹುಡುಗಿಯ ಅರ್ಧ ಮಾರ್ಕು ಅದರ ಮೇಲೆಯೇ ಇದೆ, ಯೋಚನೆ ಮಾಡಿ ಅಂದರು. ಎಷ್ಟು ಮೃದುವಾಗಿ ಅಂದರು ಅಂದರೆ, ಅದು ಬೆದರಿಕೆ ಅಂತ ಗೊತ್ತಾಗುವುದಕ್ಕೇ ನಿಂಗಮ್ಮನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಅಷ್ಟು ಸಾಲದೆ, ಫೈಲು ತರಿಸಿ ಒಂದು ಹಾಳೆಯನ್ನು ಮೇಜಿನ ಮೇಲೆ ಇಟ್ಟರು. ಕೆಳಗೆ ನಿಂಗಮ್ಮನ ಸಹಿ, ಮೊಮ್ಮಗಳು ತೋರಿಸಿದ ಕಡೆ ಹಾಕಿದ್ದು. ಹಾಳೆ ಪೂರ್ತಿ ಇಂಗ್ಲಿಷಿನಲ್ಲಿ. ಕನ್ನಡದ ಪಾಠಕ್ಕೆ, ಕನ್ನಡದ ಮಾತಿಗೆ, ಮೂರನೇ ಕ್ಲಾಸಿನ ಮುದುಕಿಯಿಂದ ಒಪ್ಪಿಗೆ ಪಡೆಯುವ ಕಾಗದ ಇಂಗ್ಲಿಷಿನಲ್ಲಿ! ಅದರಲ್ಲಿ ಎರಡು ಚೌಕ ಇದ್ದವು, ಹೆಸರುಗಳು ಇರಲಿ ಅನ್ನುವುದಕ್ಕೊಂದು, ತೆಗೆಯಿರಿ ಅನ್ನುವುದಕ್ಕೊಂದು. ಗುರುತು ಎರಡನೆಯದರಲ್ಲಿ ಇತ್ತು.

ಅನೀಶ್ ಅದನ್ನು ಕೈಗೆತ್ತಿಕೊಂಡು ನೋಡಿದ. ಅವನ ಮುಖ ಸಣ್ಣದಾಯಿತು. ಒಂದೇ ಕ್ರಮ ಅಂದದ್ದು ಪೂರ್ತಿ ನಿಜವಲ್ಲ ಸಾರ್, ಇರಲಿ ಅಂದವರದ್ದು ಇಟ್ಟಿದ್ದೇವೆ, ಇನ್ನಿಬ್ಬರದ್ದು ಹಾಗೇ ಇದೆ ಅಂತ ಮೆಲ್ಲಗೆ ಹೇಳಿದ. ಹರಿಹರ ಅವರು ಕೇಳಿಸದವರಂತೆ, ನೋಡಿ, ನೀವೇ ತೆಗೆಯಿರಿ ಅಂದಿದ್ದೀರಿ ಎಂದು ಹಾಳೆ ಮುಂದಕ್ಕೆ ಸರಿಸಿದರು.

“ಇದಕ್ಕೆ ಗುರುತು ಹಾಕಿದ್ ಯಾರು?” ಅಂದಳು ನಿಂಗಮ್ಮ.

ಧನುಶ್ರೀ ನೆಲ ನೋಡುತ್ತಿದ್ದಳು. ನಿಂಗಮ್ಮ ಮೊಮ್ಮಗಳ ರಟ್ಟೆ ಹಿಡಿದು ಹೊರಗಿನ ಜಗುಲಿಗೆ ಎಳೆದುಕೊಂಡು ಹೋದಳು. ಅವಳಿಗೆ ಬಂದ ಸಿಟ್ಟು ಹರಿಹರ ಅವರ ಮೇಲೆ ಬಂದದ್ದರ ಹತ್ತರಷ್ಟಿತ್ತು. ಅವರಾದರೆ ಹೊರಗಿನವರು. ಇವಳು ಮಡಿಲಲ್ಲಿ ಆಡಿದವಳು, ಹಾಡಿದ್ದನ್ನು ಎದುರಿಗೆ ಕೂತು ಕೇಳಿದವಳು, ತಾತನ ಹೆಸರಿಗೆ ಕೈಯಾರೆ ಕೀಂ ಹಾಕಿದವಳು. ಯಾಕೆ ಮಾಡ್ದೆ ಅಂತ ಕೇಳಿದಳು ನಿಂಗಮ್ಮ.

“ನೀನೇ ಹೇಳ್ಕೊಟ್ಟಿದ್ದಲ್ವಾ ಅಜ್ಜಿ,” ಅಂದಳು ಧನುಶ್ರೀ. ಕಣ್ಣಲ್ಲಿ ನೀರು ನಿಂತಿತ್ತು. “ಎರಡನೇ ಕ್ಲಾಸಲ್ಲಿ ರೇಷನ್ ಕಾರ್ಡ್ ಓದ್ತಾ ತಾತನ ಹೆಸರು ಜೋರಾಗಿ ಓದಿದ್ದಕ್ಕೆ ಬಾಯಿ ಮೇಲೆ ಹೊಡ್ದೆ. ಮನೇಲಿ ಯಾರೂ ಆ ಹೆಸರು ಹೇಳಲ್ಲ. ಅಪ್ಪನೂ ಹೇಳಲ್ಲ. ಮದುವೆ ಮನೇಲಿ ಹಾಡೋದು ಬೇರೆ. ಇಲ್ಲಿ ಯಾರ್ಯಾರೋ ಕಂಪ್ಯೂಟರ್ ಒತ್ತಿ ಒತ್ತಿ ನಿನ್ನ ಬಾಯಿಂದ ತಾತನ ಹೆಸರು ಹೇಳಿಸ್ತಾರೆ ಅಂದ್ಕೊಂಡೆ. ನಿಂಗೆ ಅವಮಾನ ಆಗುತ್ತೆ ಅಂತ ನಾನೇ ತೆಗೆದೆ. ನನ್ನ ಅಜ್ಜಿ ಮರ್ಯಾದೆ ಉಳಿಸ್ದೆ ಅಂದ್ಕೊಂಡಿದ್ದೆ.”

ನಿಂಗಮ್ಮನಿಗೆ ತಾನು ಹೊಡೆದದ್ದು ನೆನಪಿತ್ತು. ಮಗು ಅಕ್ಷರ ಕೂಡಿಸಿ ಕೂಡಿಸಿ ಓದಿ, ಸರಿಯಾಗಿ ಓದಿದೆನಾ ಎಂದು ಮುಖ ಎತ್ತಿ ನೋಡುತ್ತಿರುವಾಗ ಹೊಡೆದದ್ದು. ಭಾವ ಆ ಹೆಸರು ಬೇಡ ಅಂದಾಗ ಧಾರೆಯ ಎದುರಿಗೆ ಹೋಗಿ ನಿಂತವಳು, ತನ್ನ ಮನೆಯೊಳಗೆ ನಲವತ್ತು ವರ್ಷ ಆ ಹೆಸರಿಗೆ ಬಾಗಿಲು ಹಾಕಿ ಕೂತಿದ್ದಳು. ಮಗನಿಗೆ ತನ್ನ ಅಪ್ಪನ ಹೆಸರು ಹೇಳುವ ಅಭ್ಯಾಸ ಇಲ್ಲ, ಮೊಮ್ಮಗಳಿಗೆ ಹೇಳಿದರೆ ಪೆಟ್ಟು. ಇನ್ನು ಯಾರ ಮೇಲೆ ರೇಗುವುದು? ಅವಳಿಗೆ ತನ್ನ ಮೇಲೆಯೇ ಕೆಟ್ಟ ಕೋಪ ಬಂತು. ಆ ಕೋಪದಲ್ಲೇ ಸೆರಗಿನ ತುದಿಯಿಂದ ಹುಡುಗಿಯ ಮುಖ ಒರೆಸಿ, ನಡಿ ಒಳಗೆ ಅಂದಳು.

ಒಳಗೆ ಹೋಗಿ, ತಪ್ಪು ಗುರುತು ಬಿದ್ದಿದೆ, ಅದು ನಮ್ಮ ಮನೆಯ ತಪ್ಪು, ಅದನ್ನು ಸರಿ ಮಾಡುವವರೆಗೆ ಈ ಕುರ್ಚಿಯಿಂದ ಏಳುವುದಿಲ್ಲ ಅಂತ ಹೇಳಿ ಕೂತುಬಿಟ್ಟಳು. ಇಂಗ್ಲಿಷಿನಲ್ಲಿ ಕಾಗದ ಕೊಟ್ಟದ್ದು ಮಾತ್ರ ನಿಮ್ಮ ತಪ್ಪು, ಅದನ್ನು ಹೊರಗೆ ಕೂತಿರುವವರಿಗೂ ಹೇಳುತ್ತೇನೆ ಅಂದಳು. ಹರಿಹರ ಅವರು ಗಡಿಯಾರ ನೋಡಿದರು, ಸಭಾಂಗಣದ ಕಡೆ ನೋಡಿದರು. ಅನೀಶ್ ಮೊದಲ ಸಲ ಅವರ ಅಪ್ಪಣೆ ಕೇಳದೆ ಮಾತಾಡಿದ: ಸಂಗ್ರಹ ನಾಳೆ ಸಂಜೆಯವರೆಗೆ ನನ್ನ ಹತ್ತಿರವೇ ಇರುತ್ತದೆ, ಇವತ್ತೇ ಹಾಡಿಸಿಕೊಂಡು ಇವತ್ತೇ ಸೇರಿಸುತ್ತೇನೆ ಅಂದ. ಹರಿಹರ ಅವರು ಆಗಲಿ ಅನ್ನಲಿಲ್ಲ, ಬೇಡ ಅಂತಲೂ ಅನ್ನದೆ ಎದ್ದು ಹೋದರು.

ಅನೀಶ್ ಬಿಳಿ ಹಾಳೆ ತೆಗೆದು ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಕೈಯಲ್ಲೇ ಬರೆಯತೊಡಗಿದ. ಬರೆದದ್ದನ್ನು ಸಾಲು ಸಾಲಾಗಿ ಓದಿ ಹೇಳಿದ. ಹೆಸರು ನಿಂಗಮ್ಮ. ವಯಸ್ಸು ಅರವತ್ತಾರು. ಊರು ಬರೆದ. ನಮ್ಮಲ್ಲಿ ಹೆಂಗಸಿನ ಯಾವ ಕಾಗದವೂ ಮುಂದಿನ ಸಾಲಿಲ್ಲದೆ ಮುಗಿಯುವುದಿಲ್ಲವಲ್ಲ, ಅವನೂ ಅಭ್ಯಾಸಬಲದಿಂದ ಗಂಡನ ಹೆಸರು ಅಂತ ಬರೆದು, ಅದೇ ಅಭ್ಯಾಸದಿಂದ ಧನುಶ್ರೀ ಕಡೆ ನೋಡಿದ. ಬ್ಯಾಂಕಿನಲ್ಲಿ, ಪಂಚಾಯ್ತಿಯಲ್ಲಿ, ಆಸ್ಪತ್ರೆಯಲ್ಲಿ ಇಷ್ಟು ವರ್ಷ ಅದಕ್ಕೆ ಉತ್ತರ ಕೊಟ್ಟದ್ದು ಜೊತೆಗೆ ಬಂದವರೇ. ಧನುಶ್ರೀ ಅವನ ಪೆನ್ನಿಗೆ ಕೈ ಚಾಚಿದಳು, ಬರೆದು ತೋರಿಸೋಣವೆಂದು.

ನಿಂಗಮ್ಮ ಆ ಕೈಯನ್ನು ಹಿಡಿದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಹಾಡಿನ ಆಸರೆ ಇರಲಿಲ್ಲ, ಸೊಲ್ಲು ಹಿಡಿಯುವ ಹೆಂಗಸರೂ ಇರಲಿಲ್ಲ. ಒಮ್ಮೆ ಶುರುಮಾಡಿ ನಿಲ್ಲಿಸಿದಳು. ಅನೀಶ್ ತಲೆ ಎತ್ತಲಿಲ್ಲ, ಪೆನ್ನು ಹಿಡಿದು ಕಾದ.

“ನಾಗರಾಜು,” ಅಂದಳು ನಿಂಗಮ್ಮ. ಆಮೇಲೆ ಮೊಮ್ಮಗಳ ಕಡೆ ತಿರುಗಿದಳು. “ನಾಗರಾಜು ಕಣೇ. ನಿಮ್ ತಾತ. ಎಲ್ಲಿ, ಈಗ ನೀನೂ ಹೇಳು.”